ಕುರಿಯ ರಕ್ತದಲ್ಲಿ ತಾಮ್ರದ ಕಾವಲು

ಹೊಸಪೇಟೆಯಿಂದ ದಕ್ಷಿಣಕ್ಕೆ ಹೊರಟು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳ ದಾರಿ ಹಿಡಿದರೂ ಸರಿ, ತುಂಗಭದ್ರೆಯ ಕಡೆಗೆ ತಿರುಗಿ ಹಡಗಲಿ, ಹರಪನಹಳ್ಳಿಗಳಿಗೆ ಹೋದರೂ ಸರಿ, ಬಸ್ಸು ನಿಲ್ಲುವುದು ಊರು ಬಂದಾಗ ಮಾತ್ರವಲ್ಲ. ಕುರಿಯ ಮಂದೆ ಅಡ್ಡ ಬಂದಾಗಲೂ ನಿಲ್ಲುತ್ತದೆ. 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿದ ಈ ಐದು ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನಂಬಿದ ಸೀಮೆ. ವರ್ಷದ ಮಳೆ 600 ಮಿಲಿಮೀಟರಿನ ಆಸುಪಾಸು. ಜೋಳ, ಸಜ್ಜೆ, ನವಣೆ, ಶೇಂಗಾ, ಇತ್ತೀಚಿನ ದಶಕಗಳಲ್ಲಿ ಮೆಕ್ಕೆಜೋಳ, ಇವು ಇಲ್ಲಿಯ ಬೆಳೆಗಳು. ಬೆಳೆ ಕೈಕೊಟ್ಟ ವರ್ಷ ಮನೆಯನ್ನು ನಿಲ್ಲಿಸುವುದು ಕುರಿ. ಬಳ್ಳಾರಿ ತಳಿಯೆಂದು ಹೆಸರಾದ ಈ ಕುರಿಗಳು ಬಿಳಿ, ಕಪ್ಪು, ಮಿಶ್ರ ಎಂದು ನಾನಾ ಬಣ್ಣದವು. ಉಣ್ಣೆ ಒರಟು, ಕಂಬಳಿಗೆ ತಕ್ಕದ್ದು.

ಕುರಿ ಏನನ್ನು ತಿನ್ನುತ್ತದೆ? ಮಳೆಗಾಲದಲ್ಲಿ ಬೀಳುಭೂಮಿಯ ಹುಲ್ಲು. ಸುಗ್ಗಿಯ ಮೇಲೆ ಹೊಲದಲ್ಲಿ ಉಳಿದ ಕೂಳೆ, ಜೋಳದ ಸೊಪ್ಪೆ, ಶೇಂಗಾ ಬಳ್ಳಿ. ಬೇಸಗೆಯಲ್ಲಿ ಜಾಲಿಯ ಕಾಯಿ ಮತ್ತು ಕೈಗೆ ಸಿಕ್ಕಿದ ತಪ್ಪಲು. ಈ ಮೇವಿನಲ್ಲಿ ಪಿಷ್ಟವೆಷ್ಟು, ಪ್ರೋಟೀನೆಷ್ಟು ಎಂಬುದನ್ನು ಎಲ್ಲರೂ ಕೇಳುವರು. ತಾಮ್ರವೆಷ್ಟು, ಸತುವೆಷ್ಟು, ಸೆಲೀನಿಯಂ ಎಷ್ಟು ಎಂದು ಕೇಳುವವರು ಕಡಮೆ. ಆ ಪ್ರಮಾಣಗಳು ಅಷ್ಟು ಅಲ್ಪವಾದುವು. ಬೆಳೆದ ಕುರಿ ದಿನಕ್ಕೆ ಸುಮಾರು ಒಂದು ಕಿಲೋಗ್ರಾಂ ಒಣಮೇವನ್ನು ತಿನ್ನುವುದೆಂದು ಇಟ್ಟುಕೊಳ್ಳೋಣ. ಅದರಲ್ಲಿ ಇರಬೇಕಾದ ತಾಮ್ರ 5ರಿಂದ 10 ಮಿಲಿಗ್ರಾಂ. ಒಂದು ಜೋಳದ ಕಾಳು ಸುಮಾರು 30 ಮಿಲಿಗ್ರಾಂ ತೂಗುತ್ತದೆ. ಎಂದರೆ ಕುರಿಯ ದಿನದ ತಾಮ್ರ ಒಂದು ಕಾಳಿನ ಆರನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನಷ್ಟು. ಸೆಲೀನಿಯಮ್ಮಾದರೋ ಅದೇ ಕಾಳಿನ ಮುನ್ನೂರನೆಯ ಒಂದು ಪಾಲು ದೊರೆತರೂ ಸಾಕು. ಇಷ್ಟೇ ಇಷ್ಟು ಲೋಹ ಪ್ರಾಣಿಯ ಅಂಗಾಂಶಗಳಲ್ಲಿ ಯಾವ ಕೆಲಸವನ್ನು ಮಾಡುತ್ತದೆ, ಅದು ಇಲ್ಲವಾದರೆ ಏನಾಗುತ್ತದೆ, ಹೆಚ್ಚಾದರೆ ಏನಾಗುತ್ತದೆ ಎಂಬುದನ್ನು ಈ ಲೇಖನದಲ್ಲಿ ನೋಡುವೆವು.

ನಾವು ಉಸಿರಾಡುವ ಆಮ್ಲಜನಕವು ಜೀವಕೋಶದ ಒಲೆಗೆ ಗಾಳಿ. ಆಹಾರದಿಂದ ಬಂದ ಎಲೆಕ್ಟ್ರಾನುಗಳು ಕೊನೆಯಲ್ಲಿ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಈ ಹಾದಿಯಲ್ಲಿಯೇ ಕೋಶಕ್ಕೆ ಬೇಕಾದ ಶಕ್ತಿ ದೊರಕುತ್ತದೆ. ಆದರೆ ಒಲೆ ಎಷ್ಟೇ ಚೆನ್ನಾಗಿ ಕಟ್ಟಿದ್ದರೂ ಕಿಡಿ ಹಾರದೆ ಇರದು. ಕೆಲವು ಎಲೆಕ್ಟ್ರಾನುಗಳು ದಾರಿ ತಪ್ಪಿ ಆಮ್ಲಜನಕದ ಅಣುವಿಗೆ ಒಂಟಿಯಾಗಿ ಅಂಟಿಕೊಳ್ಳುವುವು. ಹೀಗೆ ಒಂದು ಎಲೆಕ್ಟ್ರಾನನ್ನು ಹೆಚ್ಚಾಗಿ ಹೊತ್ತ ಆಮ್ಲಜನಕಕ್ಕೆ ಸೂಪರಾಕ್ಸೈಡ್ ಎಂದು ಹೆಸರು. ಅದರಿಂದ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪೆರಾಕ್ಸೈಡಿಗೆ ಬಿಡಿಯಾಗಿ ತಿರುಗುವ ಕಬ್ಬಿಣದ ಅಯಾನು ತಗುಲಿದರೆ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ಇನ್ನೂ ಉಗ್ರವಾದ ಕಣ ಏಳುತ್ತದೆ. ಕಬ್ಬಿಣ ಮತ್ತು ಪೆರಾಕ್ಸೈಡುಗಳ ಈ ಕೂಟದ ಬಲವನ್ನು ಇಂಗ್ಲೆಂಡಿನ ಫೆಂಟನ್ 1894ರಷ್ಟು ಹಿಂದೆಯೇ ವರ್ಣಿಸಿದ್ದನು. ಈ ಕಿಡಿಗಳು ಕೋಶಪೊರೆಯ ಕೊಬ್ಬನ್ನು ಕಮಟಿಸುತ್ತವೆ, ಪ್ರೋಟೀನುಗಳನ್ನು ಕೆಡಿಸುತ್ತವೆ, ಅನುವಂಶೀಯ ದ್ರವ್ಯವನ್ನು ಕಡಿಯುತ್ತವೆ. ಹಳೆಯ ಶೇಂಗಾ ಎಣ್ಣೆ ಕಮಟುವುದಕ್ಕೂ ಕೋಶದ ಪೊರೆ ಕೆಡುವುದಕ್ಕೂ ರಸಾಯನದ ದೃಷ್ಟಿಯಲ್ಲಿ ಹೆಚ್ಚಿನ ಭೇದವಿಲ್ಲ.

ಹೀಗಿದ್ದರೂ ಪ್ರಾಣಿಗಳು ಬದುಕಿವೆ. ಕಿಡಿ ಹಾರಿದಲ್ಲಿಯೇ ಅದನ್ನು ಆರಿಸುವ ಕಿಣ್ವಗಳು ಅಂಗಾಂಶಗಳಲ್ಲಿ ಕಾವಲಿರುವುದೇ ಅದಕ್ಕೆ ಕಾರಣ. ಅವುಗಳಲ್ಲಿ ಒಂದನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ಮಾಂಸದಂಗಡಿಯಿಂದ ಕುರಿಯ ಯಕೃತ್ತಿನ, ಎಂದರೆ ಲಿವರಿನ, ಒಂದು ಸಣ್ಣ ತುಂಡನ್ನು ತಂದು ಗಾಜಿನ ಲೋಟದಲ್ಲಿಡಿ. ಗಾಯ ತೊಳೆಯಲು ಔಷಧದಂಗಡಿಯಲ್ಲಿ ಮಾರುವ ಶೇಕಡ 3ರ ಹೈಡ್ರೊಜನ್ ಪೆರಾಕ್ಸೈಡನ್ನು ಅದರ ಮೇಲೆ ಕೆಲವು ಹನಿ ಹಾಕಿ. ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಕೂಡಲೆ ಬುಸುಬುಸು ನೊರೆ ಏಳುವುದು. ಆರಿಹೋದ ಊದಿನಕಡ್ಡಿಯ ಕೆಂಡದ ತುದಿಯನ್ನು ನೊರೆಯ ಹತ್ತಿರ ಹಿಡಿದರೆ ಕೆಂಡ ಹೊಳೆಯುವುದು. ಬಂದ ಅನಿಲ ಆಮ್ಲಜನಕವೆಂಬುದಕ್ಕೆ ಅದೇ ಸಾಕ್ಷಿ. ಇನ್ನೊಂದು ತುಂಡನ್ನು ಚೆನ್ನಾಗಿ ಬೇಯಿಸಿ ಇದೇ ಪ್ರಯೋಗ ಮಾಡಿದರೆ ನೊರೆ ಏಳದು. ಬೆಂದ ತುಂಡಿನಲ್ಲಿ ಕಬ್ಬಿಣ ಹಾಗೆಯೇ ಇದೆ, ಪ್ರೋಟೀನೂ ಇದೆ. ಆದರೆ ಪ್ರೋಟೀನಿನ ಮಡಿಕೆ ಬಿಚ್ಚಿಹೋಗಿದೆ. ಕೆಟಲೇಸ್ ಎಂಬ ಈ ಕಿಣ್ವದಲ್ಲಿ ನಾಲ್ಕು ಹೀಮ್ ಗುಂಪುಗಳಿದ್ದು ಒಂದೊಂದರ ನಡುವೆಯೂ ಒಂದು ಕಬ್ಬಿಣದ ಪರಮಾಣು ಕುಳಿತಿರುತ್ತದೆ. ಅದರ ಒಂದು ಅಣು ಸೆಕೆಂಡಿಗೆ ದಶಲಕ್ಷಗಟ್ಟಲೆ ಪೆರಾಕ್ಸೈಡ್ ಅಣುಗಳನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯಬಲ್ಲುದು. ಅದೇ ಕಬ್ಬಿಣ ಬಿಡಿಯಾಗಿದ್ದಾಗ ಕಿಡಿ ಎಬ್ಬಿಸುತ್ತದೆ, ಪ್ರೋಟೀನಿನ ಒರೆಯೊಳಗೆ ಸೇರಿದಾಗ ಕಿಡಿ ಆರಿಸುತ್ತದೆ. ಈ ಮಾತನ್ನು ಮುಂದೆ ತಾಮ್ರದ ಪ್ರಸಂಗದಲ್ಲಿ ಮತ್ತೆ ನೆನೆಯಬೇಕಾಗುವುದು.

ತಾಮ್ರದ ಕಿಣ್ವದ ಚರಿತ್ರೆ ಸ್ವಾರಸ್ಯವಾಗಿದೆ. 1938ರಲ್ಲಿ ಕೇಂಬ್ರಿಜ್ಜಿನ ಮಾನ್ ಮತ್ತು ಕೈಲಿನ್ ಎಂಬ ವಿಜ್ಞಾನಿಗಳು ಎತ್ತಿನ ಕೆಂಪು ರಕ್ತಕಣಗಳಿಂದ ನೀಲಿ ಛಾಯೆಯ ಒಂದು ಪ್ರೋಟೀನನ್ನು ಬೇರ್ಪಡಿಸಿದರು. ಅದರಲ್ಲಿ ತಾಮ್ರವಿತ್ತು. ಕೆಲಸವೇನೆಂದು ತಿಳಿಯಲಿಲ್ಲವಾಗಿ ‘ರಕ್ತದ ತಾಮ್ರ’ ಎಂಬ ಅರ್ಥ ಬರುವಂತೆ ಹೀಮೊಕ್ಯುಪ್ರೀನ್ ಎಂದು ಹೆಸರಿಟ್ಟು ಬಿಟ್ಟರು. ತಾಮ್ರವನ್ನು ಕೂಡಿಡುವ ಡಬ್ಬಿಯಿರಬಹುದೆಂದು ಕೆಲವರು ಊಹಿಸಿದರು. ಮೂವತ್ತೊಂದು ವರ್ಷ ಅದು ಕೆಲಸವಿಲ್ಲದ ಪ್ರೋಟೀನಾಗಿಯೇ ಪುಸ್ತಕಗಳಲ್ಲಿ ಉಳಿಯಿತು. 1969ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಫ್ರಿಡೊವಿಚ್ ಮತ್ತು ಆತನ ಶಿಷ್ಯ ಮೆಕ್‌ಕಾರ್ಡ್ ಈ ಪ್ರೋಟೀನೇ ಸೂಪರಾಕ್ಸೈಡನ್ನು ಆರಿಸುವ ಕಿಣ್ವವೆಂದು ತೋರಿಸಿಕೊಟ್ಟರು. ಅದಕ್ಕೆ ಸೂಪರಾಕ್ಸೈಡ್ ಡಿಸ್‌ಮ್ಯುಟೇಸ್ ಎಂದು ಹೆಸರಾಯಿತು. ಅದು ಎರಡು ಸಮಾನ ಭಾಗಗಳ ಜೋಡಿ. ಒಂದೊಂದು ಭಾಗದಲ್ಲಿಯೂ ಒಂದು ತಾಮ್ರದ ಪರಮಾಣು, ಒಂದು ಸತುವಿನ ಪರಮಾಣು. ದುಡಿಯುವುದು ತಾಮ್ರ. ಸತುವು ಕಂಬದಂತೆ ನಿಂತು ಕಿಣ್ವದ ಆಕಾರವನ್ನು ಕಾಯುತ್ತದೆ. ಎರಡು ಸೂಪರಾಕ್ಸೈಡುಗಳನ್ನು ಸೇರಿಸಿ ಒಂದು ಪೆರಾಕ್ಸೈಡನ್ನೂ ಒಂದು ಆಮ್ಲಜನಕವನ್ನೂ ಮಾಡಿ ಬಿಡುವುದು ಇದರ ಕೆಲಸ. ಪೆರಾಕ್ಸೈಡನ್ನು ಮುಂದಿನ ಕಾವಲುಗಾರರು ನೋಡಿಕೊಳ್ಳುವರು.

ಕೋಶದ ಒಲೆ ಉರಿಯುವುದು ಮೈಟೊಕಾಂಡ್ರಿಯಗಳಲ್ಲಿ. ಅಲ್ಲಿಯ ಒಳಮನೆಗೆ ಬೇರೆಯೇ ಡಿಸ್‌ಮ್ಯುಟೇಸ್ ಇದೆ. ಅದರ ಲೋಹ ಮ್ಯಾಂಗನೀಸು. 1973ರಲ್ಲಿ ಇದನ್ನು ಕೋಳಿಯ ಯಕೃತ್ತಿನ ಮೈಟೊಕಾಂಡ್ರಿಯಗಳಿಂದ ಬೇರ್ಪಡಿಸಿದರು. ಕೂಡ್ಲಿಗಿಯ ನೆರೆಯ ಸಂಡೂರಿನ ಬೆಟ್ಟಗಳಲ್ಲಿ ಮ್ಯಾಂಗನೀಸಿನ ಅದಿರು ಲಾರಿಗಟ್ಟಲೆ ಇದೆ. ಆದರೆ ಗುಡ್ಡದಲ್ಲಿರುವ ಅದಿರಿನಿಂದ ಕೋಳಿಗೆ ಪ್ರಯೋಜನವಿಲ್ಲ; ಕಾಳಿನೊಳಗೆ ಬಂದುದಷ್ಟೇ ಲೆಕ್ಕಕ್ಕೆ. ಮೆಕ್ಕೆಜೋಳದಲ್ಲಿ ಮ್ಯಾಂಗನೀಸು ಬಲು ಕಡಮೆ. ಅದನ್ನೇ ಮುಖ್ಯ ಆಹಾರವಾಗಿ ತಿಂದ ಕೋಳಿಮರಿಗಳ ಕಾಲಿನ ಕೀಲು ಊದಿ ಸ್ನಾಯುರಜ್ಜು ಜಾರುವ ರೋಗಕ್ಕೆ ಮ್ಯಾಂಗನೀಸಿನ ಕೊರತೆಯೇ ಕಾರಣವೆಂದು 1930ರ ದಶಕದಲ್ಲಿಯೇ ಗೊತ್ತಾಗಿತ್ತು. ಅಂಥ ಮರಿಗಳ ಯಕೃತ್ತಿನಲ್ಲಿ ಮ್ಯಾಂಗನೀಸಿನ ಕಿಣ್ವ ಕುಗ್ಗಿ, ಅದರ ನಷ್ಟವನ್ನು ತುಂಬಲೆಂಬಂತೆ ತಾಮ್ರದ ಕಿಣ್ವ ಏರಿದುದನ್ನು ಮುಂದಿನ ಸಂಶೋಧಕರು ಕಂಡರು. ಅಂಗಾಂಶವು ಕೈಗೆಟುಕಿದ ಲೋಹದಿಂದ ಸಂಸಾರ ತೂಗಿಸುವ ರೀತಿ ಇದು.

ಸೆಲೀನಿಯಮ್ಮಿನ ಕಥೆ ಇನ್ನೊಂದು ಬಗೆಯದು. 1930ರ ದಶಕದಲ್ಲಿ ಅದನ್ನು ದನಗಳ ಗೊರಸು ಕಳಚಿಸುವ, ಕೂದಲು ಉದುರಿಸುವ ವಿಷವೆಂದು ಮಾತ್ರ ಬಲ್ಲವರಾಗಿದ್ದರು. 1957ರಲ್ಲಿ ಶ್ವಾರ್ಟ್ಸ್ ಮತ್ತು ಫೋಲ್ಟ್ಸ್ ಎಂಬುವರು ಇಲಿಗಳ ಯಕೃತ್ತು ಕೊಳೆಯದಂತೆ ತಡೆಯುವ ಅಂಶ ಸೆಲೀನಿಯಮ್ಮೇ ಎಂದು ಪ್ರಕಟಿಸಿದಾಗ ಪಂಡಿತರು ಬೆರಗಾದರು. ಮರುವರ್ಷ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕುರಿಮರಿಗಳ ಮಾಂಸಖಂಡ ಬಿಳಿಚಿ ಮರಿ ಏಳಲಾರದೆ ಸಾಯುವ ರೋಗವನ್ನು ಸೆಲೀನಿಯಂ ಕೊಟ್ಟು ತಡೆದರು. ಅದೇ 1957ರಲ್ಲಿ ಮಿಲ್ಸ್ ಎಂಬಾತನು ಕೆಂಪು ರಕ್ತಕಣಗಳನ್ನು ಪೆರಾಕ್ಸೈಡಿನಿಂದ ಕಾಯುವ ಹೊಸ ಕಿಣ್ವವೊಂದನ್ನು, ಗ್ಲೂಟಥಯೋನ್ ಪೆರಾಕ್ಸಿಡೇಸನ್ನು, ಕಂಡುಹಿಡಿದಿದ್ದನು. ಈ ಎರಡು ಶೋಧಗಳೂ ಒಂದನ್ನೊಂದು ಅರಿಯದೆ ಹದಿನಾರು ವರ್ಷ ಅಕ್ಕಪಕ್ಕದಲ್ಲಿ ನಡೆದುವು. 1973ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ರಾಟ್ರಕ್ ಮತ್ತು ಸಂಗಡಿಗರು ಮಿಲ್ಸನ ಕಿಣ್ವದಲ್ಲಿ ಇರುವುದು ಸೆಲೀನಿಯಮ್ಮೇ ಎಂದು ತೋರಿಸಿದ ಮೇಲೆ ಎರಡು ದಾರಿಗಳೂ ಕೂಡಿದುವು.

ಮೇವಿನಲ್ಲಿ ಲೋಹ ಕಡಮೆಯಾದಾಗ ಏನಾಗುವುದು? ಪ್ರಾಣಿ ಆ ಕೂಡಲೆ ಕಾಯಿಲೆ ಬೀಳುವುದಿಲ್ಲ. ತಾಮ್ರವನ್ನೇ ತೆಗೆದುಕೊಳ್ಳೋಣ. ಮೊದಲು ಯಕೃತ್ತಿನ ಸಂಗ್ರಹ ಕರಗುತ್ತದೆ. ಅದು ಬರಿದಾಗುತ್ತ ಬಂದಾಗ ರಕ್ತರಸದಲ್ಲಿಯ ತಾಮ್ರ ಇಳಿಯುತ್ತದೆ. ಕೆಂಪು ರಕ್ತಕಣಗಳ ಡಿಸ್‌ಮ್ಯುಟೇಸ್ ಇಳಿಯುವುದು ಇನ್ನೂ ತಡವಾಗಿ. ಹಳೆಯ ರಕ್ತಕಣಗಳು ಹುಟ್ಟುವಾಗ ಪಡೆದ ಕಿಣ್ವವನ್ನು ಸಾಯುವವರೆಗೂ ಹೊತ್ತಿರುತ್ತವೆ, ತಾಮ್ರವಿಲ್ಲದ ಕಾಲದಲ್ಲಿ ಹುಟ್ಟಿದ ಕಣಗಳು ಅವುಗಳ ಜಾಗಕ್ಕೆ ಬರಲು ತಿಂಗಳುಗಳು ಬೇಕು. ಆದುದರಿಂದ ಪಶುವೈದ್ಯರಿಗೆ ಒಂದು ಹನಿ ರಕ್ತವು ಹಳೆಯ ಲೆಕ್ಕದ ಪುಸ್ತಕವಿದ್ದಂತೆ. ರಕ್ತರಸವು ಈಚಿನ ಮೇವನ್ನೂ ರಕ್ತಕಣದ ಕಿಣ್ವವು ಕಳೆದ ತಿಂಗಳುಗಳ ಮೇವನ್ನೂ ಹೇಳುವುವು. ಸೆಲೀನಿಯಮ್ಮಿಗೂ ಇದೇ ನ್ಯಾಯ. ಸತುವಿನ ಕೊರತೆಯನ್ನು ಮಾತ್ರ ಈ ಬಗೆಯಲ್ಲಿ ಹಿಡಿಯುವುದು ಕಷ್ಟ, ಏಕೆಂದರೆ ಮೇವಿನ ಸತು ಕುಗ್ಗಿದರೂ ರಕ್ತಕಣದ ಡಿಸ್‌ಮ್ಯುಟೇಸ್ ಬೇಗನೆ ಕುಗ್ಗುವುದಿಲ್ಲ.

ಕುರಿಗಾಹಿಯ ಕಣ್ಣಿಗೆ ಬೀಳುವ ಗುರುತುಗಳು ಬೇರೆ. ತಾಮ್ರ ಸಾಲದೆ ಹೋದರೆ ಕಪ್ಪು ಕುರಿಯ ಉಣ್ಣೆ ಬಣ್ಣ ಕಳೆದುಕೊಂಡು ಬೂದು ಪಟ್ಟೆ ಮೂಡುತ್ತದೆ, ಏಕೆಂದರೆ ಕಪ್ಪು ವರ್ಣದ್ರವ್ಯವನ್ನು ಮಾಡುವ ಕಿಣ್ವಕ್ಕೂ ತಾಮ್ರವೇ ಬೇಕು. ಕರಿಯ ಕಂಬಳಿಗೆ ಬಣ್ಣ ಹಾಕದೆ ನೇಯುವ ಉಣ್ಣೆ ಯಾವುದೋ ಆ ಉಣ್ಣೆಯೇ ತಾಮ್ರದ ಅಳತೆಗೋಲೂ ಆಗಿರುವುದು ನಮಗೆ ಸೋಜಿಗವೆನಿಸುತ್ತದೆ. ಇನ್ನೂ ಕೊರತೆಯಾದರೆ ಹುಟ್ಟಿದ ಮರಿಗಳು ಹಿಂಗಾಲು ತಡವರಿಸಿ, ಸೊಂಟ ಓಲಾಡಿಸಿ ನಡೆದು ಬೀಳುತ್ತವೆ. ಈ ರೋಗಕ್ಕೆ ತಾಮ್ರದ ಕೊರತೆ ಕಾರಣವೆಂದು 1937ರಲ್ಲಿ ಪಶ್ಚಿಮ ಆಸ್ಟ್ರೇಲಿಯದಲ್ಲಿ ಬೆನೆಟ್ಸ್ ಮತ್ತು ಚಾಪ್‌ಮನ್ ತೋರಿಸಿದರು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಮರಿಯ ನರಗಳು ಕೆಡುವುದಕ್ಕೆ ಡಿಸ್‌ಮ್ಯುಟೇಸ್ ಒಂದರ ಮೇಲೆಯೇ ತಪ್ಪು ಹೊರಿಸಲಾಗದು. ಉಸಿರಾಟದ ಕೊನೆಯ ಮೆಟ್ಟಿಲಿನ ಕಿಣ್ವವೂ ತಾಮ್ರದ್ದೇ. ಎಲ್ಲ ಕೇಡನ್ನೂ ಕಿಡಿಗಳ ತಲೆಗೆ ಕಟ್ಟುವ ಜಾಹೀರಾತುಗಳನ್ನು ನಂಬಬಾರದೆಂದೇ ನಮ್ಮ ಅಭಿಪ್ರಾಯ.

ಹಾಗಾದರೆ ಮೇವಿನಲ್ಲಿ ತಾಮ್ರ ಸಾಕಷ್ಟಿದ್ದರೆ ಕುರಿ ಕ್ಷೇಮವೇ? ಅಲ್ಲ. ಮೇವಿನಿಂದ ಯಕೃತ್ತಿಗೆ ಹೋಗುವ ದಾರಿಯಲ್ಲಿ ಸುಂಕದ ಕಟ್ಟೆಗಳಿವೆ. ಕುರಿ ಮೆಲುಕು ಹಾಕುವ ಪ್ರಾಣಿ. ಅದರ ಮೊದಲ ಹೊಟ್ಟೆ ಸೂಕ್ಷ್ಮಜೀವಿಗಳು ತುಂಬಿದ ಹುಳಿತೊಟ್ಟಿ. ಇದರಿಂದ ಒಂದು ಲಾಭವುಂಟು: ಕಾಳುಗಳಲ್ಲಿ ಸತುವನ್ನು ಬಿಗಿದಿಟ್ಟಿರುವ ಫೈಟೇಟ್ ಎಂಬ ದ್ರವ್ಯವನ್ನು ಆ ಸೂಕ್ಷ್ಮಜೀವಿಗಳು ಒಡೆದುಬಿಡುತ್ತವೆ. ಕೋಳಿಗೆ ಈ ಅನುಕೂಲವಿಲ್ಲ. ಆದರೆ ಅದೇ ತೊಟ್ಟಿಯಲ್ಲಿ ಗಂಧಕದ ಸಂಯುಕ್ತಗಳು ಸಲ್ಫೈಡಾಗುತ್ತವೆ. ಮೇವಿನಲ್ಲಿ ಮಾಲಿಬ್ಡಿನಂ ಇದ್ದರೆ ಎರಡೂ ಕೂಡಿ ಥಯೋಮಾಲಿಬ್ಡೇಟ್ ಎಂಬ ವಸ್ತುಗಳಾಗಿ ತಾಮ್ರವನ್ನು ಕಚ್ಚಿ ಹಿಡಿದು ಸಗಣಿಯ ದಾರಿ ಹಿಡಿಸುತ್ತವೆ. 1938ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್ ಸೀಮೆಯ ಕೆಲವು ಹುಲ್ಲುಗಾವಲುಗಳಲ್ಲಿ ದನಗಳು ಭೇದಿಯಾಗಿ ಸೊರಗಲು ಮಾಲಿಬ್ಡಿನಮ್ಮೇ ಕಾರಣವೆಂದು ತಿಳಿದುಬಂದಿತು. ಗಂಧಕದ ನೆರವಿಲ್ಲದೆ ಮಾಲಿಬ್ಡಿನಂ ಒಂದೇ ಕುರಿಯಲ್ಲಿ ಇಷ್ಟು ಕೇಡು ಮಾಡದೆಂಬುದನ್ನು 1950ರ ದಶಕದಲ್ಲಿ ಆಸ್ಟ್ರೇಲಿಯದ ಡಿಕ್ ಸ್ಪಷ್ಟಪಡಿಸಿದನು.

ಮಾಲಿಬ್ಡಿನಂ ಎಲ್ಲಿಂದ ಬರುತ್ತದೆ? ಮಣ್ಣಿನಿಂದ. ಈ ಐದು ತಾಲ್ಲೂಕುಗಳಲ್ಲಿ ಮಸಾರಿಯೂ ಇದೆ, ಎರೆಯೂ ಇದೆ. ಸುಣ್ಣದ ಅಂಶ ಹೆಚ್ಚಿ ಕ್ಷಾರವಾದ ಎರೆಭೂಮಿಯಲ್ಲಿ ಸತು, ಕಬ್ಬಿಣ, ಮ್ಯಾಂಗನೀಸುಗಳು ಬೇರಿಗೆ ಸಿಕ್ಕುವುದು ಕಷ್ಟ; ಮಾಲಿಬ್ಡಿನಮ್ಮಾದರೋ ಕ್ಷಾರ ಹೆಚ್ಚಿದಷ್ಟೂ ಸುಲಭವಾಗಿ ಸಿಕ್ಕುತ್ತದೆ. 2009ರಲ್ಲಿ ಕರ್ನಾಟಕ ಸರ್ಕಾರವು ಇಕ್ರಿಸ್ಯಾಟ್ ಸಂಸ್ಥೆಯೊಡನೆ ಕೈಗೊಂಡ ಭೂಚೇತನ ಯೋಜನೆಯ ಮಣ್ಣುಪರೀಕ್ಷೆಗಳಲ್ಲಿ ರಾಜ್ಯದ ಮಳೆಯಾಶ್ರಿತ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆ ವ್ಯಾಪಕವಾಗಿರುವುದು ಕಂಡುಬಂದಿತು. ಹೊಲಕ್ಕೆ ಸತುವಿನ ಸಲ್ಫೇಟ್ ಹಾಕಿದಾಗ ಬೆಳೆ ಹೆಚ್ಚುವುದನ್ನು ರೈತರು ಬಲ್ಲರು. ಆ ಸತುವಿನ ಒಂದು ಪಾಲು ಸೊಪ್ಪೆಯೊಳಗೆ ಸೇರಿ ಕುರಿಯ ಮೈಗೂ ಹೋಗುವುದೆಂಬುದನ್ನು ನೆನೆಯುವುದು ಕಡಮೆ.

ಜೋಳ ಮತ್ತು ಮಾಲಿಬ್ಡಿನಮ್ಮಿನ ನಂಟಿಗೆ ನೆರೆಯ ನಾಡಿನಲ್ಲಿ ಒಂದು ದುಃಖದ ನಿದರ್ಶನವಿದೆ. ಆಗ ಆಂಧ್ರಪ್ರದೇಶದಲ್ಲಿದ್ದ, ಈಗ ತೆಲಂಗಾಣಕ್ಕೆ ಸೇರಿದ ನಲ್ಗೊಂಡ ಜಿಲ್ಲೆಯ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅಲ್ಲಿ ಹರೆಯದವರ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವ ಅಂಗವೈಕಲ್ಯವನ್ನು 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ ವರ್ಣಿಸಿದರು. ಫ್ಲೋರೈಡಿನ ಸೀಮೆಯ ಧಾನ್ಯಗಳಲ್ಲಿ ಮಾಲಿಬ್ಡಿನಂ ಹೆಚ್ಚಾಗಿಯೂ ತಾಮ್ರ ಕಡಮೆಯಾಗಿಯೂ ಇರುವುದನ್ನು ಅದೇ ಸಂಸ್ಥೆಯವರು ಅಳೆದರು. ಮಾಲಿಬ್ಡಿನಂ ಹೆಚ್ಚಾಗಿದ್ದ ಜೋಳವನ್ನು ಉಂಡವರ ಮೂತ್ರದಲ್ಲಿ ತಾಮ್ರ ಹೆಚ್ಚಾಗಿ ಹೊರಬಿದ್ದಿತೆಂದು 1974ರಲ್ಲಿ ದೇವಸ್ಥಳೆ ಮತ್ತು ಗೋಪಾಲನ್ ಪ್ರಕಟಿಸಿದರು. ಎಲುಬಿನ ಎಳೆಗಳನ್ನು ಹೆಣೆಯುವ ಕಿಣ್ವಕ್ಕೂ ತಾಮ್ರ ಬೇಕಾದುದರಿಂದ ಈ ವಾದಕ್ಕೆ ಬಲವಿತ್ತು. ಆಮೇಲೆ ಬೇರೆಡೆ ಮನುಷ್ಯರಲ್ಲಿ ನಡೆದ ಪ್ರಯೋಗಗಳು ಇದನ್ನು ಅಷ್ಟಾಗಿ ಬೆಂಬಲಿಸಲಿಲ್ಲ. ಮನುಷ್ಯನಿಗೆ ಕುರಿಯಂತೆ ಸಲ್ಫೈಡ್ ತುಂಬಿದ ಹುಳಿತೊಟ್ಟಿಯಿಲ್ಲವೆಂಬುದನ್ನು ಇಲ್ಲಿ ಮರೆಯಬಾರದು. ಕುರಿಯ ವಿಷಯದಲ್ಲಿ ಮಾತ್ರ ಸಂಶಯಕ್ಕೆ ಎಡೆಯಿಲ್ಲ.

ಇಷ್ಟನ್ನು ಓದಿದವರು ‘ಹಾಗಾದರೆ ಕುರಿಗೆ ಒಂದಿಷ್ಟು ತಾಮ್ರ ತಿನ್ನಿಸಿಬಿಡೋಣ’ ಎಂದಾರು. ಅಪಾಯವಿರುವುದು ಇಲ್ಲಿಯೇ. ಸಾಕುಪ್ರಾಣಿಗಳಲ್ಲಿ ತಾಮ್ರದ ವಿಷಕ್ಕೆ ಕುರಿಯಷ್ಟು ಬೇಗ ಬಲಿಯಾಗುವುದು ಇನ್ನೊಂದಿಲ್ಲ. ದನವು ಒಂದು ಕಿಲೋಗ್ರಾಂ ಮೇವಿನಲ್ಲಿ 40 ಮಿಲಿಗ್ರಾಂ ತಾಮ್ರವನ್ನು ತಾಳಿಕೊಳ್ಳುವುದಾದರೆ ಕುರಿಗೆ 15 ಮಿಲಿಗ್ರಾಮೇ ಗಡಿ. ಮೇವಿನಲ್ಲಿ ಮಾಲಿಬ್ಡಿನಂ ತೀರ ಕಡಮೆಯಿದ್ದರೆ ಅದೂ ಹೆಚ್ಚೇ. ಬೇಕಾದುದಕ್ಕೂ ಬೇಡವಾದುದಕ್ಕೂ ನಡುವೆ ಇರುವುದು ಅರ್ಧ ಜೋಳದ ಕಾಳಿಗಿಂತ ಕಡಮೆ. ಹೆಚ್ಚಾದ ತಾಮ್ರವನ್ನು ಪಿತ್ತರಸದ ಮೂಲಕ ಹೊರಹಾಕುವ ಶಕ್ತಿ ಕುರಿಯ ಯಕೃತ್ತಿಗೆ ಕಡಮೆಯಾದುದರಿಂದ ಅದು ವಾರಗಟ್ಟಲೆ, ತಿಂಗಳುಗಟ್ಟಲೆ ಅಲ್ಲಿಯೇ ಶೇಖರವಾಗುತ್ತದೆ. ಆಗೆಲ್ಲ ಕುರಿ ಮೇಯುತ್ತದೆ, ಮೆಲುಕು ಹಾಕುತ್ತದೆ, ಯಾವ ಗುರುತನ್ನೂ ತೋರದು. ಒಂದು ದಿನ ದೂರದ ನಡಿಗೆಯೋ, ಲಾರಿಯ ಪ್ರಯಾಣವೋ, ಮೇವಿಲ್ಲದ ಎರಡು ದಿನವೋ ಬಂದಾಗ ಯಕೃತ್ತಿನ ಕೋಶಗಳು ಒಡೆದು ಸಂಗ್ರಹವೆಲ್ಲ ಒಮ್ಮೆಗೇ ರಕ್ತಕ್ಕೆ ನುಗ್ಗುತ್ತದೆ. ಹೀಗೆ ಒರೆಯಿಲ್ಲದೆ ತಿರುಗುವ ತಾಮ್ರವು, ಬಿಡಿ ಕಬ್ಬಿಣದಂತೆಯೇ, ಕಿಡಿ ಎಬ್ಬಿಸುತ್ತದೆ. ಗ್ಲೂಟಥಯೋನ್ ಬರಿದಾಗುತ್ತದೆ, ರಕ್ತಕಣಗಳು ಸಿಡಿಯುತ್ತವೆ, ಕಣ್ಣಿನ ಬಿಳಿ ಹಳದಿಯಾಗುತ್ತದೆ, ಮೂತ್ರ ಕಪ್ಪುಗೆಂಪಾಗುತ್ತದೆ. ಒಂದೆರಡು ದಿನಗಳಲ್ಲಿ ಕುರಿ ಸಾಯುತ್ತದೆ. ಆ ರಕ್ತಕಣಗಳೊಳಗೆ ಡಿಸ್‌ಮ್ಯುಟೇಸ್ ಕೊನೆಯವರೆಗೂ ಇದ್ದೇ ಇತ್ತು. ಕಾವಲುಗಾರನೂ ತಾಮ್ರ, ಕೊಳ್ಳೆಗಾರನೂ ತಾಮ್ರ.

ಇದು ದೂರದ ಮಾತಲ್ಲ. ದನಗಳಿಗೆಂದು ತಯಾರಿಸಿದ ಖನಿಜ ಮಿಶ್ರಣವನ್ನು ಅಗ್ಗವೆಂದೋ ಮನೆಯಲ್ಲಿತ್ತೆಂದೋ ಕುರಿಗೆ ಕೊಡುವುದುಂಟು. ಗೊರಸಿನ ಕೊಳೆರೋಗಕ್ಕೆ ಮೈಲುತುತ್ತದ ನೀರಿನಲ್ಲಿ ಕುರಿಗಳನ್ನು ನಡೆಸಿದಾಗ ಬಾಯಾರಿದ ಕುರಿ ಅದನ್ನೇ ಕುಡಿದುಬಿಡಬಹುದು. ಈ ಸೀಮೆಯ ದಾಳಿಂಬೆ ತೋಟಗಳಿಗೆ ಹೊಡೆಯುವ ಬೋರ್ಡೋ ದ್ರಾವಣವೂ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣವೇ. ಗಿಡದಿಂದ ತೊಟ್ಟಿಕ್ಕಿದ ಆ ನೀಲಿ ಹನಿ ಕೆಳಗಿನ ಹುಲ್ಲಿನ ಮೇಲೆ ಒಣಗಿರುತ್ತದೆ. ಔಷಧ ಹೊಡೆದ ತೋಟದೊಳಗೆ ಮಂದೆಯನ್ನು ಬಿಡುವುದು, ಗೊಬ್ಬರದ ಆಸೆಗೆ ಅಲ್ಲಿಯೇ ರಾತ್ರಿ ತರುಬುವುದು, ಎರಡೂ ಸಲ್ಲದು.

ಕೊಡಬೇಕಾದುದು ಎಷ್ಟು ಎಂಬುದನ್ನು ಮಣ್ಣು, ಮೇವು, ರಕ್ತ ಮೂರನ್ನೂ ಅಳೆದೇ ನಿಶ್ಚಯಿಸಬೇಕು. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯು ಈ ಮಾರ್ಗದಲ್ಲಿ ಕೆಲಸ ಮಾಡಿ, ಇಡೀ ದೇಶಕ್ಕೆ ಒಂದೇ ಮಿಶ್ರಣವೆಂಬ ಹಳೆಯ ರೂಢಿಯ ಬದಲು ಆಯಾ ಪ್ರದೇಶದ ಕೊರತೆಗೆ ಹೊಂದುವ ಖನಿಜ ಮಿಶ್ರಣಗಳನ್ನು ರೂಪಿಸಿದೆ. ಯಾವ ಧಾತು ಮೇವಿನಲ್ಲಿ ಸಾಕಷ್ಟಿದೆಯೋ ಅದನ್ನು ಮಿಶ್ರಣದಿಂದ ಬಿಟ್ಟುಬಿಡುವುದು ಈ ಕ್ರಮದ ವಿಶೇಷ. ಖರ್ಚೂ ಉಳಿಯುತ್ತದೆ, ಒಂದು ಲೋಹ ಇನ್ನೊಂದರ ದಾರಿಗೆ ಅಡ್ಡ ಬರುವುದೂ ತಪ್ಪುತ್ತದೆ.

ಒಂದು ಮಂದೆಯಲ್ಲಿ ತಾಮ್ರದ ವಿಷದಿಂದ ಒಂದು ಕುರಿ ಸತ್ತರೆ ಉಳಿದವುಗಳ ಯಕೃತ್ತಿನಲ್ಲಿಯೂ ಅದೇ ಸಂಗ್ರಹ ಕಾದಿರುವುದು ಸಂಭವ. ಆಗ ತಾಮ್ರದ ಮೂಲವನ್ನು ನಿಲ್ಲಿಸಿ, ಮಂದೆಯನ್ನು ಓಡಾಡಿಸದೆ ಒಂದೆಡೆ ನಿಲ್ಲಿಸಿ ಪಶುವೈದ್ಯರನ್ನು ಕರೆಸಬೇಕು. ಅವರು ಉಳಿದ ಕುರಿಗಳಿಗೆ ಕೊಡುವ ಔಷಧ ಅಮೋನಿಯಂ ಮಾಲಿಬ್ಡೇಟ್ ಮತ್ತು ಸೋಡಿಯಂ ಸಲ್ಫೇಟ್. ಸಾಮರ್ಸೆಟ್ಟಿನ ಹುಲ್ಲಿನಲ್ಲಿ ದನಗಳನ್ನು ಸೊರಗಿಸಿದ ಮಾಲಿಬ್ಡಿನಮ್ಮೇ ಇಲ್ಲಿ ಗಂಧಕದೊಡನೆ ಕೂಡಿ, ಮೊದಲ ಹೊಟ್ಟೆಯಲ್ಲಿ ಥಯೋಮಾಲಿಬ್ಡೇಟಾಗಿ, ತಾಮ್ರವನ್ನು ಹಿಡಿದು ಕೆಲವು ವಾರಗಳಲ್ಲಿ ಹೊರಕ್ಕೆ ಸಾಗಿಸುತ್ತದೆ.